ಪಾವಗಡಕ್ಕೆ ಕರೆ ಹೋಗುತ್ತದೆ, ಮಾತು ಹೋಗುವುದಿಲ್ಲ

ವಿಡಿಯೊ ಕಾನ್ಫರೆನ್ಸ್ ದೂರುಗಳಲ್ಲಿ ನನಗೆ ಇಷ್ಟವಾದುದು "ಏನೂ ಬರುತ್ತಿಲ್ಲ" ಎಂಬುದು. ಕೇಬಲ್ಲೋ ಕರೆಂಟೋ ಹೋಗಿರುತ್ತದೆ, ಅಷ್ಟೇ. ತಲೆ ತಿನ್ನುವುದು ಅರ್ಧ ಕೆಲಸ ಮಾಡುವ ಕರೆ. ತುಮಕೂರಿನ ಮುಖ್ಯ ಕಚೇರಿಯಿಂದ ತಿಪಟೂರು, ಶಿರಾ, ಪಾವಗಡದ ಶಾಖೆಗಳಿಗೆ ಎಚ್.323 (ನೆಟ್‌ವರ್ಕ್ ಮೂಲಕ ವಿಡಿಯೊ ಕರೆ ಮಾಡುವ ಮಾನದಂಡ) ವ್ಯವಸ್ಥೆ ಕೂಡಿಸುವಾಗ ಪಾವಗಡದವರು ಹೇಳಿದ್ದು ಅಂಥದ್ದನ್ನೇ: "ಸರ್, ಗಂಟೆ ಬಾರಿಸುತ್ತದೆ, ಎತ್ತುತ್ತೇವೆ. ನಾವು ನಿಮಗೆ ಕಾಣುತ್ತೇವಂತೆ. ನಮಗೆ ಮಾತ್ರ ಬರೀ ಕಪ್ಪು ಪರದೆ."

ಅಲ್ಲಿನ ರೂಟರ್ ನೋಡಿಕೊಳ್ಳುವ ಗುತ್ತಿಗೆದಾರರದು ಒಂದೇ ವಾದ: 1720 ಪೋರ್ಟ್ (ನೆಟ್‌ವರ್ಕಿನ ಸಂಖ್ಯೆಯಿಟ್ಟ ಬಾಗಿಲು) ತೆರೆದಿದ್ದೇವೆ, ಕರೆ ಸೇರುತ್ತಿದೆ, ಇನ್ನು ದೋಷವೆಲ್ಲ ನಿಮ್ಮ ಯಂತ್ರದ್ದು. ಆದರೆ ಟಿಸಿಪಿ 1720 ಇರುವುದು ಕರೆ ಕೂಡಿಸುವುದಕ್ಕೆ. (ಟಿಸಿಪಿ, ಯುಡಿಪಿ ಎಂದರೆ ದತ್ತಾಂಶ ಸಾಗಿಸುವ ಎರಡು ವಿಧಾನ.) ಕರೆಗಳನ್ನು ನಿಯಂತ್ರಿಸುವ ಗೇಟ್‌ಕೀಪರ್ ಎಂಬ ತಂತ್ರಾಂಶದಲ್ಲಿ ಯಂತ್ರಗಳ ನೋಂದಣಿ, ಅನುಮತಿ ನಡೆಯುವುದು ಯುಡಿಪಿ 1719ರಲ್ಲಿ. ಧ್ವನಿ, ಚಿತ್ರಗಳು ಕರೆಯ ಹೊತ್ತಿಗೆ ಗೊತ್ತುಮಾಡಿಕೊಂಡ ಬೇರೆಯೇ ಯುಡಿಪಿ ಪೋರ್ಟ್‌ಗಳಲ್ಲಿ ಹೋಗುತ್ತವೆ. ಗೇಟ್‌ಕೀಪರ್ ಮದುವೆ ದಲ್ಲಾಳಿಯ ಹಾಗೆ; ಇಬ್ಬರನ್ನೂ ಕೂಡಿಸಿ ಎದ್ದು ಹೋಗುತ್ತದೆ, ಸಂಸಾರ ಅವರದ್ದು.

ವಾದ ಬಿಟ್ಟು ಲೈನಿನಲ್ಲಿ ಸಾಗುವ ಪ್ಯಾಕೆಟ್ (ದತ್ತಾಂಶದ ತುಣುಕು) ಸೆರೆಹಿಡಿದು ನೋಡಿದಾಗ ವಿಷಯ ಬಯಲಾಯಿತು. ಪಾವಗಡದ ಯಂತ್ರ, ಧ್ವನಿ, ಚಿತ್ರದ ದಾರಿ ಗೊತ್ತುಮಾಡುವ ಎಚ್.245 ಸಂದೇಶದೊಳಗೆ "ಚಿತ್ರವನ್ನು ಇಲ್ಲಿಗೆ ಕಳುಹಿಸಿ" ಎಂದು, ಶಾಖೆಯೊಳಗೆ ಮಾತ್ರ ನಡೆಯುವ ತನ್ನ 192.168 ವಿಳಾಸವನ್ನೇ ಬರೆಯುತ್ತಿತ್ತು. ರೂಟರ್‌ನಲ್ಲಿ ಒಳವಿಳಾಸವನ್ನು ಹೊರವಿಳಾಸವಾಗಿಸುವ ನ್ಯಾಟ್ ಬದಲಿಸುವುದು ಪ್ಯಾಕೆಟ್‌ನ ಹೊರಗಿನ ವಿಳಾಸವನ್ನು. ಒಳಗಿನ ಬರಹವನ್ನು ಮುಟ್ಟುವುದಿಲ್ಲ. ತುಮಕೂರಿನ ಯಂತ್ರ ಆ ವಿಳಾಸಕ್ಕೆ ಪ್ರಾಮಾಣಿಕವಾಗಿ ಕಳುಹಿಸುತ್ತಲೇ ಇತ್ತು, ಯಾರಿಗೂ ಮುಟ್ಟುತ್ತಿರಲಿಲ್ಲ. ಆ ಸಂದೇಶಗಳು 1720ರ ಸಂಪರ್ಕದೊಳಗೇ ಸಾಗುತ್ತಿದ್ದುದರಿಂದ ಕರೆ ಮಾತ್ರ ಬೀಳಲಿಲ್ಲ. ಒಳಗಿನ ವಿಳಾಸವನ್ನೂ ತಿದ್ದುವ ಸೌಲಭ್ಯ ಕೆಲವು ರೂಟರ್‌ಗಳಲ್ಲಿದೆ. ನಾನು ಅದನ್ನು ನಂಬುವುದಿಲ್ಲ, ಮೊದಲು ಬಂದ್ ಮಾಡುತ್ತೇನೆ.

ಪರಿಹಾರ ಪ್ರಾಕ್ಸಿ, ಅಂದರೆ ಎಲ್ಲವನ್ನೂ ನಡುವೆ ನಿಂತು ದಾಟಿಸುವ ಮಧ್ಯವರ್ತಿ. ತುಮಕೂರಿನಲ್ಲಿ ಗ್ನು ಗೇಟ್‌ಕೀಪರ್ ಎಂಬ ಮುಕ್ತ ತಂತ್ರಾಂಶ ಇತ್ತು. ಕರೆ ಸಂದೇಶಗಳ ಜೊತೆ ಧ್ವನಿ, ಚಿತ್ರವೂ ಅದರ ಮೂಲಕವೇ ಹಾಯುವಂತೆ ಮಾಡಿದೆವು. ನ್ಯಾಟ್ ದಾಟಲೆಂದೇ ಇರುವ ಎಚ್.460.18 ಮತ್ತು ಎಚ್.460.19 ಸೌಲಭ್ಯಗಳ ಯಂತ್ರವಾದರೆ ಸಂಪರ್ಕಗಳನ್ನೆಲ್ಲ ಶಾಖೆಯೊಳಗಿನಿಂದಲೇ ಹೊರಕ್ಕೆ ತೆರೆಯುತ್ತದೆ. ಹೊರಗಿನಿಂದ ಪೋರ್ಟ್ ತೆರೆಯುವ ಜಗಳವೇ ಇಲ್ಲ. ನೋಂದಣಿಯ ಅವಧಿಯನ್ನೂ ಚಿಕ್ಕದಾಗಿಸಬೇಕು. ಏಕೆಂದರೆ ಸುಮ್ಮನಿರುವ ಯುಡಿಪಿ ದಾರಿಯನ್ನು ರೂಟರ್ ಬೇಗ ಮುಚ್ಚುತ್ತದೆ; ಆಗಾಗ ನೋಂದಣಿ ನಡೆದರೆ ಅದು ತೆರೆದೇ ಇರುತ್ತದೆ. ಬೆಳಿಗ್ಗೆ ಬಂದ ಕರೆ ಮಧ್ಯಾಹ್ನ ಬಾರದಿದ್ದರೆ ಮೊದಲು ಇದನ್ನೇ ನೋಡಿ.

ಶಾಖೆಗಳಿಗೆ ಕರೆ ಮಾಡುವ ಸಂಖ್ಯೆಗಳಿಗೆ ಹೊಸ ಲೆಕ್ಕ ಹೂಡಲಿಲ್ಲ. ತುಮಕೂರಿಗೆ 0816, ತಿಪಟೂರಿಗೆ 08134, ಶಿರಾಕ್ಕೆ 08135, ಪಾವಗಡಕ್ಕೆ 08136. ಎಸ್‌ಟಿಡಿ ಸಂಕೇತ ಎಲ್ಲರಿಗೂ ಬಾಯಿಪಾಠ.

ಗೇಟ್‌ಕೀಪರ್‌ನಲ್ಲಿ ಬರೆಯುವ ಬ್ಯಾಂಡ್‌ವಿಡ್ತ್ (ಲೈನಿನ ಸಾಮರ್ಥ್ಯ) ಮಿತಿಯಲ್ಲಿ ಮಾತ್ರ ಎಚ್ಚರ. ಎಚ್.323ರ ಕರೆ ಸಂದೇಶಗಳ ನಿಯಮವಾದ ಎಚ್.225 ಪ್ರಕಾರ ಅದರ ಏಕಮಾನ ಸೆಕೆಂಡಿಗೆ 100 ಬಿಟ್, ಅದೂ ಎರಡೂ ದಿಕ್ಕು ಸೇರಿಸಿ. 384 ಕೆಬಿಪಿಎಸ್‌ನ ಒಂದು ಕರೆ ಕೇಳುವುದು 7680. ಮಿತಿಯನ್ನು 3840 ಎಂದು ಬರೆದಿಟ್ಟರೆ ಮೊದಲ ಕರೆಯೇ ತಿರಸ್ಕೃತ, ಆಗ ಬೈಗುಳ ಲೈನಿಗೆ. ಲೈನಿನ ಮೇಲೆ ಬೀಳುವ ಭಾರವೂ 384 ಅಲ್ಲ. ಪ್ಯಾಕೆಟ್ ತಲೆಬರಹಗಳು ಸೇರಿ ಸುಮಾರು ಶೇಕಡ 20ರಷ್ಟು ಹೆಚ್ಚು.

ಪ್ರಾಕ್ಸಿಗೆ ತೆರಬೇಕಾದ ಬೆಲೆಯೂ ಇಲ್ಲೇ ಇದೆ. ಶಿರಾದವರು ಪಾವಗಡದವರ ಜೊತೆ ಮಾತಾಡಿದರೂ ಎರಡೂ ಕಡೆಯ ಚಿತ್ರ ತುಮಕೂರಿಗೆ ಬಂದೇ ಹೋಗಬೇಕು. ಹಾಗಾಗಿ ಒಂದೇ ಕಟ್ಟಡದೊಳಗಿನ ಕರೆಗಳನ್ನು ಪ್ರಾಕ್ಸಿಯಿಂದ ಹೊರಗಿಟ್ಟೆವು, ಶಾಖೆಯಿಂದ ಶಾಖೆಗೆ ಹೋಗುವ ಕರೆಯನ್ನು 256 ಕೆಬಿಪಿಎಸ್‌ಗೆ ಇಳಿಸಿದೆವು. ಚಿತ್ರ ಮಸುಕು ಎಂದು ಶಿರಾದವರು ಗೊಣಗುತ್ತಾರೆ. ಮುಖ್ಯ ಕಚೇರಿ ದೊಡ್ಡ ಲೈನ್ ಮಂಜೂರು ಮಾಡುವವರೆಗೆ ಗೊಣಗಲಿ.