ನಗ್ಗರದ ಗಾಜಿನ ಕಿಟಕಿ

ಕುಲು ಕಣಿವೆಯ ನಗ್ಗರದಿಂದ ಬೆಳಗಾವಿಗೆ ಮರಳಿ ನಾಲ್ಕು ದಿನವಾದರೂ, ಟಿಳಕವಾಡಿಯ ಮಳೆಯ ಸದ್ದು ಕೇಳುತ್ತ ಕುಳಿತಾಗಲೆಲ್ಲ ಚಿತ್ರಕಲಾವಿದ ನಿಕೋಲಸ್ ರೋರಿಕ್ ಅವರ ಮನೆಯೇ ಕಣ್ಮುಂದೆ ಬರುತ್ತಿದೆ. ರಷ್ಯಾದಲ್ಲಿ ಹುಟ್ಟಿ, 1928ರಲ್ಲಿ ಈ ಕಣಿವೆಗೆ ಬಂದು ನೆಲೆಸಿ, 1947ರಲ್ಲಿ ಇಲ್ಲಿಯೇ ತೀರಿಕೊಂಡ ಅವರ ಮೇಲ್ಮಹಡಿಯ ಕೋಣೆಗಳೊಳಗೆ ಕಾಲಿಡುವಂತಿಲ್ಲ. ಹೊರಗಿನ ಮೊಗಸಾಲೆಯಲ್ಲಿ ನಿಂತು, ಗಾಜಿಗೆ ಹಣೆ ತಾಗಿಸಿ, ಇದ್ದಂತೆಯೇ ಕಾಪಾಡಿದ ಸಾಮಾನುಗಳನ್ನು ಇಣುಕಿ ನೋಡಬೇಕು. ನನ್ನ ಉಸಿರಿಗೆ ಗಾಜು ಮಸುಕಾದಾಗ ಸೆರಗಿನಿಂದ ಒರೆಸಿದೆ. ಅವರ ಬೆಟ್ಟಗಳ ನೀಲಿಯನ್ನು ಪುಸ್ತಕಗಳಲ್ಲಿ ನೋಡಿ, ಅದು ಉತ್ಪ್ರೇಕ್ಷೆಯೆಂದೇ ಇಷ್ಟು ವರ್ಷ ವಾದಿಸಿದ್ದೆ. ಗ್ಯಾಲರಿಯಿಂದ ಹೊರಬಂದು ಸಂಜೆಯ ಹಿಮಾಲಯವನ್ನು ಕಂಡ ಮೇಲೆ ಆ ಮಾತನ್ನು ಹಿಂತೆಗೆದುಕೊಂಡೆ. ಮಗ ಸ್ವೆಟೊಸ್ಲಾವ್ ಮತ್ತು ಸೊಸೆ ದೇವಿಕಾರಾಣಿ ನಮ್ಮ ಬೆಂಗಳೂರಿನ ತಾತಗುಣಿಯವರೇ ಆಗಿಹೋಗಿದ್ದರು. ತಂದೆಯ ಮನೆ ನೋಡಲು ಮಾತ್ರ ಇಷ್ಟು ದೂರ ಹೋಗಬೇಕಾಯಿತು.