ಡಿಸ್ಕಿನೊಳಗಿನ ಹಗೇವು

ಸಿಂಧನೂರಿನ ಒಂದು ರೈಸ್ ಮಿಲ್ಲಿನ ಬಿಲ್ಲಿಂಗ್ ಸರ್ವರ್ ಇವತ್ತು ಮಧ್ಯಾಹ್ನ ನಿಂತುಬಿಟ್ಟಿತ್ತು.

ಲಿನಕ್ಸ್‌ನ್ಯಾಗ ಡಿಸ್ಕ್ ಎಷ್ಟು ತುಂಬೇದ ಅಂತ ಹೇಳೋ ಡಿಎಫ್ ಕಮಾಂಡ್ ಹಾಕಿದ್ರ ರೂಟ್ (ಮುಖ್ಯ ಡಿಸ್ಕ್) 100%. ಫೈಲುಗಳ ಗಾತ್ರ ಕೂಡಿಸಿ ಹೇಳೋ ಡಿಯು ಹಾಕಿದ್ರ ಅರ್ಧಾನೂ ಇಲ್ಲ. ಉಳಿದಿದ್ದು ಎಲ್ಲಿ ಹೋತು?

ಕರೆಂಟ್ ಹೋಗಿ ಬಂದಾಗ ಬ್ಯಾಕಪ್ ಡಿಸ್ಕ್ ಮೌಂಟ್ ಆಗಿಲ್ಲ, ಅಂದ್ರ ತನ್ನ ಫೋಲ್ಡರಿಗೆ ಜೋಡಣೆ ಆಗಿಲ್ಲ. ರಾತ್ರಿ 2ಕ್ಕ ತಾನೇ ಕೆಲಸ ಶುರು ಮಾಡೋ ಕ್ರಾನ್‌ಗೆ ಅದೇನು ಗೊತ್ತು? ಖಾಲಿ ಫೋಲ್ಡರ್ ಸಿಕ್ತು, ಕಾಪಿ ಮಾಡೋ ಕಮಾಂಡ್ ಆರ್‌ಸಿಂಕ್ ಅದರಾಗ ಸುರಕೋತ ಹೋತು. ಅಂದ್ರ ರೂಟ್ ಡಿಸ್ಕಿನಾಗೇ. ಆಮೇಲೆ ಯಾರೋ ಡಿಸ್ಕ್ ಮೌಂಟ್ ಮಾಡ್ಯಾರ, ಆ ಕಾಪಿಗಳೆಲ್ಲ ಅದರಡಿ ಮುಚ್ಚಿಹೋಗ್ಯಾವ. ಡಿಯು ಕಣ್ಣಿಗೆ ಬೀಳಂಗಿಲ್ಲ.

ಅನ್‌ಮೌಂಟ್ ಮಾಡಿ ನೋಡಿದ್ರ ಹಗೇವಿನ (ಕಾಳು ತುಂಬಿಡೋ ನೆಲದಡಿಯ ಗುಂಡಿ) ಬಾಯಿ ತೆಗೆದಂಗ.

(ಅಳಿಸಿದ ಫೈಲನ್ನ ಯಾವುದೋ ಪ್ರೋಸೆಸ್ ಹಿಡ್ಕೊಂಡಿದ್ರೂ ಹಿಂಗೇ ಕಾಣ್ತದ. ಮೊದಲು ಯಾವ ಪ್ರೋಸೆಸ್ ಯಾವ ಫೈಲ್ ಹಿಡಿದದ ಅಂತ ತೋರಿಸೋ ಎಲ್‌ಎಸ್‌ಓಎಫ್ ನೋಡ್ರಿ.)

ಬ್ಯಾಕಪ್ ಸ್ಕ್ರಿಪ್ಟಿನ ತಲೆಮ್ಯಾಲೇ ಡಿಸ್ಕ್ ಮೌಂಟ್ ಆಗೇದೋ ಇಲ್ಲೋ ನೋಡೋ ಮೌಂಟ್‌ಪಾಯಿಂಟ್ ಚೆಕ್ ಇರಲಿ, ಆಗಿಲ್ಲಂದ್ರ ಎಕ್ಸಿಟ್ 1, ಅಲ್ಲಿಗೇ ನಿಲ್ಲಲಿ. ಡಿಸ್ಕ್ ಬಿಚ್ಚಿದ್ದಾಗಲೇ ಆ ಖಾಲಿ ಫೋಲ್ಡರಿಗೆ ಚಾಟ್ಟರ್ ಪ್ಲಸ್ ಐ (ಬದಲಾಯಿಸದಂಗ ಬೀಗ ಹಾಕೋ ಕಮಾಂಡ್) ಹೊಡೀರಿ. ಎಕ್ಸ್ಟ್4 ಫಾರ್ಮ್ಯಾಟಿನ ಡಿಸ್ಕಿನ್ಯಾಗ ಎಲ್ಲಾ ಅಧಿಕಾರ ಇರೋ ರೂಟ್ ಯೂಸರ್‌ಗೂ ಅಲ್ಲಿ ಬರೆಯಾಕ ಬರಂಗಿಲ್ಲ. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನೋ ಪಟ್ಟಿ ಎಫ್‌ಎಸ್‌ಟ್ಯಾಬ್‌ನ್ಯಾಗ ಎಸ್‌ಡಿಬಿ1 ಅನ್ನೋ ಬದಲಾಗಬಹುದಾದ ಹೆಸರು ಬ್ಯಾಡ, ಡಿಸ್ಕಿನ ಖಾಯಂ ಗುರುತು ಯುಯುಐಡಿ ಹಾಕ್ರಿ.

ಆ ಪಟ್ಟಿಯಾಗ ನೋಫೇಲ್ ಅಂತ ಹಾಕಿದ ಕಡೆ ಈ ಮೌಂಟ್‌ಪಾಯಿಂಟ್ ಚೆಕ್ ಬೇಕೇ ಬೇಕು. ಡಿಸ್ಕ್ ಇಲ್ಲದಿದ್ರೂ ಮಷಿನ್ ಸುಮ್ಮನೆ ಬೂಟ್ ಆಗಿ ಕುಂತಿರ್ತದ.