ಏನನ್ನೂ ಕೇಳದ ಕಾಗದ

ಧಾರವಾಡದ ನಮ್ಮ ವಿದ್ಯಾರ್ಥಿ ನಿಲಯದಲ್ಲಿ ನಾನು 1986ರಿಂದ 1991ರವರೆಗೆ ಇದ್ದೆ. ಕೊನೆಯ ವರ್ಷ ಕಾರ್ಯದರ್ಶಿಯಾಗಿದ್ದಾಗ ಹಳೆಯ ವಿದ್ಯಾರ್ಥಿಗಳಿಗೆ ಒಂದೇ ಒಂದು ಕಾಗದ ಕಳಿಸಿದೆವು. ಊಟದ ಮನೆಯ ಹೆಂಚು ಒಡೆದು, ಮಳೆಗಾಲದಲ್ಲಿ ತಟ್ಟೆಯೊಳಗೇ ಹನಿ ಬೀಳುತ್ತಿತ್ತು. ದುರಸ್ತಿಗೆ ಹಣ ಬೇಕಿತ್ತು. ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಸಿ ಅಂಚೆಗೆ ಹಾಕಿದ ಆ ಕಾಗದಕ್ಕೆ ಬಂದ ಉತ್ತರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಹಳಬರು ನಿಲಯವನ್ನು ಮರೆತೇಬಿಟ್ಟರು ಎಂದು ನಾವೆಲ್ಲ ನೊಂದುಕೊಂಡೆವು. ನಮ್ಮ ಲೆಕ್ಕ ಎಲ್ಲಿ ತಪ್ಪಿತ್ತು ಎಂಬುದು ನನಗೆ ಗೊತ್ತಾದದ್ದು ಮೂರು ವರ್ಷಗಳ ನಂತರ, ಅಮೆರಿಕದಲ್ಲಿ.

1994ರಲ್ಲಿ ನಾನು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೆ. ಬೇಸಿಗೆ ರಜೆಗೆ ಅಗ್ಗದ ಬಾಡಿಗೆ ಹುಡುಕುತ್ತಿದ್ದಾಗ ಒಂದು ಫ್ರಟರ್ನಿಟಿ ಮನೆಯಲ್ಲಿ ಕೋಣೆ ಸಿಕ್ಕಿತು. ಫ್ರಟರ್ನಿಟಿ ಎಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿ ಬಳಗ. 1776ರಲ್ಲಿ ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಎಂಬ ವಿದ್ಯಾರ್ಥಿ ಸಂಘದಿಂದ ಈ ಗ್ರೀಕ್ ಹೆಸರುಗಳ ಪರಂಪರೆ ಶುರುವಾಯಿತು. ಒಂದೊಂದು ಕಾಲೇಜಿನಲ್ಲಿರುವ ಫ್ರಟರ್ನಿಟಿಯ ಶಾಖೆಗೆ ಚಾಪ್ಟರ್ ಎನ್ನುತ್ತಾರೆ. ಬಹಳಷ್ಟು ಚಾಪ್ಟರ್‌ಗಳಿಗೆ ಸ್ವಂತ ಮನೆ ಇರುತ್ತದೆ. ಹುಡುಗರು ಒಟ್ಟಿಗೆ ಉಣ್ಣುತ್ತಾರೆ, ಓದುತ್ತಾರೆ. ಬೇಸಿಗೆಯಲ್ಲಿ ಅವರು ಊರಿಗೆ ಹೋದಾಗ ಖಾಲಿ ಕೋಣೆಗಳು ನನ್ನಂಥವರ ಪಾಲಾಗುತ್ತವೆ.

ಆ ಮನೆಯ ಉದ್ದನೆಯ ಪಡಸಾಲೆಯಲ್ಲಿ ಗೋಡೆ ತುಂಬ ಚೌಕಟ್ಟುಗಳು. ವರ್ಷಕ್ಕೊಂದು. ಒಂದೊಂದರಲ್ಲೂ ಆ ವರ್ಷದ ಹುಡುಗರ ಮೊಟ್ಟೆಯಾಕಾರದ ಸಣ್ಣ ಭಾವಚಿತ್ರಗಳು ಸಾಲುಸಾಲಾಗಿ, ಕೆಳಗೆ ಹೆಸರು. ರಾತ್ರಿ ನಿದ್ದೆ ಬಾರದಾಗ ನಾನು ಅವುಗಳ ಮುಂದೆ ನಿಲ್ಲುತ್ತಿದ್ದೆ. ಎರಡನೆಯ ಮಹಾಯುದ್ಧದ ವರ್ಷಗಳ ಚೌಕಟ್ಟುಗಳಿಗೆ ಬಂದಾಗ ಮುಖಗಳು ಇದ್ದಕ್ಕಿದ್ದಂತೆ ವಿರಳವಾಗುತ್ತಿದ್ದವು. ನಮ್ಮ ನಿಲಯದ ಗೋಡೆಯ ಮೇಲೆ ಕಟ್ಟಿಸಿದವರ ಪಟವಿತ್ತು, ದೇವರ ಪಟವಿತ್ತು. ಅಲ್ಲಿ ಉಂಡು ಬೆಳೆದ ನೂರಾರು ಹುಡುಗರದು ಒಂದೂ ಇರಲಿಲ್ಲ.

ಒಂದು ಶನಿವಾರ ನೆಲಮಾಳಿಗೆಯಲ್ಲಿ ಟಾರ್ಚ್ ಹಿಡಿದು ಬಾಯ್ಲರ್ ಪರೀಕ್ಷಿಸುತ್ತಿದ್ದ ಹಿರಿಯರೊಬ್ಬರನ್ನು ಕಂಡು, ರಿಪೇರಿಯವರೆಂದೇ ತಿಳಿದೆ. ಅವರು 1951ರ ತಂಡದವರು. ಪಿಯೋರಿಯಾದ ಟ್ರಾಕ್ಟರ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಒಂದೂವರೆ ಗಂಟೆ ಕಾರು ಓಡಿಸಿಕೊಂಡು ತಿಂಗಳಿಗೊಮ್ಮೆ ಬರುತ್ತಿದ್ದರು. ಮನೆ ಹುಡುಗರದಲ್ಲ, ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡ ಸಂಸ್ಥೆಯದು, ಚಾಪ್ಟರ್ ಅದಕ್ಕೆ ಬಾಡಿಗೆ ಕೊಡುತ್ತದೆ ಎಂದು ವಿವರಿಸಿದ್ದು ಅವರೇ. ಹುಡುಗರು ನಾಲ್ಕು ವರ್ಷಕ್ಕೆ ಬದಲಾಗುತ್ತಾರೆ, ಚಾವಣಿ ಮೂವತ್ತು ವರ್ಷ ನಿಲ್ಲಬೇಕು. ಅದನ್ನು ನೋಡಿಕೊಳ್ಳುವವರು ಬೇರೆಯೇ ಇರಬೇಕಲ್ಲವೇ ಎಂದರು.

ಜುಲೈನಲ್ಲಿ ಅವರಿಗೆ ನೆರವಾಗಲು ಕುಳಿತೆ. ಊಟದ ಮೇಜಿನ ಮೇಲೆ ನಾಲ್ಕು ಪುಟದ ಸುದ್ದಿಪತ್ರಗಳ ರಾಶಿ. ಮಡಚಬೇಕು, ಲಕೋಟೆಗೆ ಸೇರಿಸಬೇಕು, ಅಂಚೆಚೀಟಿ ಹಚ್ಚಬೇಕು. ಓದಿ ನೋಡಿದೆ: ಹಿತ್ತಿಲ ಎಲ್ಮ್ ಮರ ಬಿದ್ದದ್ದು, ಒಬ್ಬನಿಗೆ ಕೆಲಸ ಸಿಕ್ಕಿದ್ದು, 1938ರ ತಂಡದವರೊಬ್ಬರು ತೀರಿಕೊಂಡದ್ದು, ಹೊಸದಾಗಿ ಸೇರಿದ ಹುಡುಗರು ಯಾವ ಯಾವ ಊರಿನವರೆಂಬುದು. ಹಣದ ಮಾತು ಎಲ್ಲಿಯೂ ಇರಲಿಲ್ಲ. ಕೇಳಿದೆ. ವರ್ಷಕ್ಕೆ ಮೂರು ಕಾಗದ ಹೋಗುತ್ತವೆ, ಹಣ ಕೇಳುವುದು ಒಂದರಲ್ಲಿ ಮಾತ್ರ, ಅದೂ ಉಳಿದೆರಡು ತಲುಪಿದ ಮೇಲೆ ಎಂದರು. ಪ್ರತಿ ಕಾಗದದ ಅಡಿಯಲ್ಲಿ ಈಗಿನ ಹುಡುಗನೊಬ್ಬ ತನ್ನ ಕೈಯಿಂದಲೇ ಎರಡು ಸಾಲು ಬರೆದಿರಬೇಕೆಂಬುದು ಅವರ ಹಟ. ರಜೆಗೆ ಮುಂಚೆಯೇ ಬರೆಸಿಟ್ಟುಕೊಂಡಿದ್ದರು. ಶಾಯಿ, ಅಕ್ಷರ, ತಪ್ಪು ಎಲ್ಲವೂ ಒಂದೊಂದು ಬಗೆ.

ಹಳಬರಿಂದ ಬಂದ ಉತ್ತರಗಳ ಪೆಟ್ಟಿಗೆಯನ್ನೂ ತೋರಿಸಿದರು. ಅದರಲ್ಲಿ ಹೆಚ್ಚಿನವರು ವಿಚಾರಿಸಿದ್ದು ಅಡುಗೆಯಾಕೆಯನ್ನು. ಆಕೆ ಹೇಗಿದ್ದಾರೆ, ಭಾನುವಾರದ ಆ ತಿನಿಸು ಈಗಲೂ ಮಾಡುತ್ತಾರೆಯೇ, ಮೊಣಕಾಲು ನೋವು ಕಡಿಮೆಯಾಯಿತೇ. ಅದನ್ನು ಓದುತ್ತ ನನಗೆ ನಮ್ಮ ಅಡುಗೆ ಅಜ್ಜ ಎದುರಿಗೇ ಬಂದು ನಿಂತಂತಾಯಿತು. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿ, ಎರಡು ಬುಟ್ಟಿ ಜೋಳದ ರೊಟ್ಟಿ ಬಡಿದು, ಪರೀಕ್ಷೆಯ ದಿನ ಪ್ರತಿಯೊಬ್ಬನ ಕೈಯಲ್ಲೂ ಒಂದು ಚೂರು ಬೆಲ್ಲ ಇಡುತ್ತಿದ್ದ ಅಜ್ಜ. ನಾನು ಕಳಿಸಿದ ಸೈಕ್ಲೋಸ್ಟೈಲ್ ಕಾಗದದಲ್ಲಿ ಹೆಂಚಿನ ಲೆಕ್ಕವಿತ್ತು. ಅಜ್ಜನ ಸುದ್ದಿ ಒಂದಕ್ಷರವೂ ಇರಲಿಲ್ಲ.

ಆ ಅಕ್ಟೋಬರಿನಲ್ಲಿ ಹೋಮ್‌ಕಮಿಂಗ್ ನೋಡಿದೆ. ಹಳಬರು ವಿಶ್ವವಿದ್ಯಾಲಯಕ್ಕೆ ಮರಳಿ ಬರುವ ಹಬ್ಬ ಅದು. ಇಲಿನಾಯ್‌ನಲ್ಲಿ 1910ರಲ್ಲಿ ಶುರುವಾಯಿತು. ಅದರ ಯೋಚನೆ ಹೊಳೆದದ್ದು ವಿಲಿಯಮ್ಸ್ ಮತ್ತು ಎಕ್‌ಬ್ಲಾ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ. ಕರೆದವರು ಕಿರಿಯರೇ ಎಂಬುದು ನನಗೆ ಬಹಳ ಹಿಡಿಸಿತು. ಆದರೆ ಎಲ್ಲವೂ ಅನುಕರಿಸುವಂಥದ್ದಲ್ಲ. ಹೊಸಬರನ್ನು ಹಿಂಸಿಸುವ ಪದ್ಧತಿಯಿಂದ ಅಮೆರಿಕದ ಫ್ರಟರ್ನಿಟಿಗಳಲ್ಲಿ ಜೀವಗಳೇ ಹೋಗಿವೆ. "ನಮ್ಮ ಕಾಲದಲ್ಲಿ ಇದಕ್ಕಿಂತ ಹೆಚ್ಚು ಅನುಭವಿಸಿದ್ದೆವು" ಎಂದು ಹೆಮ್ಮೆಯಿಂದ ಕಥೆ ಹೇಳುವ ಹಳಬ ಆ ರೋಗಕ್ಕೆ ನೀರೆರೆಯುತ್ತಾನೆ. ಬಾಯ್ಲರ್ ನೋಡಲು ಬರುತ್ತಿದ್ದ ಹಿರಿಯರು ಅಂಥ ಕಥೆಗಳಿಗೆ ಮೇಜಿನ ಬಳಿ ಜಾಗ ಕೊಡುತ್ತಿರಲಿಲ್ಲ. ನಮ್ಮ ನಿಲಯಕ್ಕೆ ಬರುವ ಹಿರಿಯರೂ ಹಾಗೆಯೇ ಇರಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಧಾರವಾಡಕ್ಕೆ ಬಂದಾಗ ದ್ವಿತೀಯ ವರ್ಷದ ಇಬ್ಬರು ಹುಡುಗರೊಂದಿಗೆ ಹಳೆಯ ದಾಖಲಾತಿ ಪುಸ್ತಕ ಬಿಚ್ಚಿಕೊಂಡು ಕುಳಿತೆ. ನನ್ನ ವಿಳಾಸ ಇನ್ನೂ ಹುಟ್ಟೂರಿನದೇ ಇತ್ತು. ಆ ಮನೆ ಮಾರಿ ಎಷ್ಟೋ ಕಾಲವಾಗಿದೆ. ನಲವತ್ತು ಹೆಸರು ಆರಿಸಿದೆವು. ಮೊಬೈಲ್ ಸಂದೇಶ ಸಾಕಲ್ಲವೇ ಸರ್ ಎಂದ ಒಬ್ಬ. ನಲವತ್ತರಲ್ಲಿ ಮೂವರ ನಂಬರ್ ಕೂಡ ನಮ್ಮ ಬಳಿ ಇರಲಿಲ್ಲ. ಐವತ್ತು ಪೈಸೆಯ ಅಂಚೆ ಕಾರ್ಡು ತಂದೆವು. ಹುಡುಗರು ತಮ್ಮ ಹೆಸರು, ಊರು, ಕೋಣೆಯ ಸಂಖ್ಯೆ ಬರೆದು, ಹಿತ್ತಿಲ ಹುಣಸೆಮರ ಇನ್ನೂ ಇದೆ ಎಂದು ತಿಳಿಸಿದರು. ಅಷ್ಟೇ.

ಹನ್ನೊಂದು ಕಾರ್ಡು ವಿಳಾಸ ಸಿಗದೆ ಹಿಂದಿರುಗಿದವು. ಆರು ಉತ್ತರ ಬಂದವು. ಗದಗ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ನಡುಗುವ ಅಕ್ಷರದಲ್ಲಿ, "ಅಜ್ಜನ ಮಗ ಚಿಕ್ಕವನಿದ್ದ, ನಾನೇ ಅವನಿಗೆ ಮಗ್ಗಿ ಹೇಳಿಕೊಟ್ಟಿದ್ದೆ. ಈಗ ಎಲ್ಲಿದ್ದಾನೆ?" ಎಂದು ಬರೆದಿದ್ದರು. ಹುಡುಗರು ಆ ಕಾರ್ಡನ್ನು ಅಡುಗೆಮನೆಗೆ ಒಯ್ದು ಗಟ್ಟಿಯಾಗಿ ಓದಿದರು. ಸಾರು ಕಲಕುತ್ತಿದ್ದವರು ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಉತ್ತರ ನಾನೇ ಬರೆಯುತ್ತೇನೆ ಎಂದರಂತೆ.